ಸಿಬ್ಯಾಮ್: ಹೊಗೆಯ ದುಡ್ಡು ಯಾರ ಖಜಾನೆಗೆ?

ಇವತ್ತಿನ ವಿಷಯ ಸಿಬ್ಯಾಮ್, ಅಂದ್ರೆ ಐರೋಪ್ಯ ಒಕ್ಕೂಟ ಗಡಿಯಲ್ಲಿ ಹಾಕೋ ಇಂಗಾಲ ಶುಲ್ಕ. ಅಲ್ಲಿನ ಕಾರ್ಖಾನೆಗಳು ಹೊಗೆ ಬಿಡೋಕೆ ಪರ್ಮಿಟ್ ಬೇಕು. ಈ ಪದ್ಧತಿ 2005ರಿಂದ ಇದೆ. ಹೊರಗಿನವರಿಗೆ ಆ ಖರ್ಚಿಲ್ಲದಿದ್ರೆ ಪೈಪೋಟಿ ಸಮವಲ್ಲ ಅನ್ನೋದು ಯುರೋಪಿನ ವಾದ. ಅದಕ್ಕೇ 2026ರ ಜನವರಿ 1ರಿಂದ ಆಮದಾಗೋ ಉಕ್ಕು, ಅಲ್ಯೂಮಿನಿಯಂ, ಸಿಮೆಂಟ್, ರಸಗೊಬ್ಬರಕ್ಕೂ ಈ ಲೆಕ್ಕ.

ದುಡ್ಡು ಕಟ್ಟೋದು ಅಲ್ಲಿನ ಆಮದುದಾರ. ಆದ್ರೆ ಅವನು ರೇಟು ಇಳಿಸಿ ಅಂತ ಕೇಳೋದು ನಮ್ಮ ಕಂಪನಿಗಳನ್ನೇ. ನಮ್ಮ ಉಕ್ಕು ಹೆಚ್ಚಾಗಿ ಕಲ್ಲಿದ್ದಲನ್ನೇ ನಂಬಿರೋದ್ರಿಂದ ಹೊರೆಯೂ ಜಾಸ್ತಿ. ಭಾರತ ಇದನ್ನು ವಿರೋಧಿಸ್ತಿದೆ.

ಆದ್ರೆ ನಿಯಮದಲ್ಲೇ ಒಂದು ದಾರಿಯಿದೆ: ಸರಕು ತಯಾರಾದ ದೇಶದಲ್ಲೇ ಇಂಗಾಲಕ್ಕೆ ದುಡ್ಡು ಕಟ್ಟಿದ್ರೆ, ಅಷ್ಟನ್ನು ಕಳೆಯಬಹುದು. ನಾವೇ ವಸೂಲಿ ಮಾಡಿದ್ರೆ ಆ ದುಡ್ಡು ಇಲ್ಲಿನ ಕುಲುಮೆಗಳನ್ನು ಬದಲಿಸೋಕೆ ಸಿಗುತ್ತೆ. ಇಲ್ಲಾಂದ್ರೆ ಯುರೋಪಿನ ಪಾಲು. ನನಗಂತೂ ಮೊದಲನೆಯದೇ ಸರಿ ಅನ್ಸುತ್ತೆ.