ಯಾಕಾಗಿ ಈ ಬದುಕು? ಹೊಳೆನರಸೀಪುರದ ಒಬ್ಬ ಮೇಷ್ಟರ ಉತ್ತರ

ಹಾಸನದಿಂದ ಮೈಸೂರಿಗೆ ಹೋಗುವ ರೈಲು ಹೊಳೆನರಸೀಪುರದಲ್ಲಿ ನಿಲ್ಲುತ್ತದೆ. ಹೇಮಾವತಿ ದಡದ ಈ ಊರಿನ ಹೆಸರು ಹೇಳಿದರೆ ಹೆಚ್ಚಿನವರಿಗೆ ನೆನಪಾಗುವುದು ರಾಜಕೀಯ; ದೇಶಕ್ಕೆ ಒಬ್ಬ ಪ್ರಧಾನಿಯನ್ನು ಕೊಟ್ಟ ತಾಲ್ಲೂಕು ಇದು. ವೇದಾಂತ ಓದುವವರು ಮಾತ್ರ ಈ ಊರನ್ನು ಬೇರೊಂದು ಕಾರಣಕ್ಕೆ ಬಲ್ಲರು. ವೇದಾಂತದ ಪುಸ್ತಕಗಳನ್ನು ಪ್ರಕಟಿಸುವ ‘ಅಧ್ಯಾತ್ಮ ಪ್ರಕಾಶ ಕಾರ್ಯಾಲಯ’ ಇರುವುದು ಇಲ್ಲಿ. ಮನುಷ್ಯ ಯಾಕೆ ಹುಟ್ಟುತ್ತಾನೆ, ಯಾವುದಕ್ಕಾಗಿ ಬದುಕುತ್ತಾನೆ ಎಂಬ ಪ್ರಶ್ನೆಯನ್ನು ಎತ್ತಿಕೊಂಡು ಕನ್ನಡ, ಸಂಸ್ಕೃತ, ಇಂಗ್ಲಿಷಿನಲ್ಲಿ 200ಕ್ಕೂ ಹೆಚ್ಚು ಪುಸ್ತಕಗಳನ್ನು ಬರೆದ ಸಚ್ಚಿದಾನಂದೇಂದ್ರ ಸರಸ್ವತಿ ಸ್ವಾಮಿಗಳು ಬಾಳಿದ್ದೂ ಕಣ್ಮುಚ್ಚಿದ್ದೂ ಇದೇ ಊರಿನಲ್ಲಿ.

ಈ ಪ್ರಶ್ನೆ ಪಂಡಿತರದ್ದೇ ಎಂದುಕೊಳ್ಳಬೇಕಾಗಿಲ್ಲ. ಆಲೂಗೆಡ್ಡೆಗೆ ಅಂಗಮಾರಿ ಬಿದ್ದ ವರ್ಷ, ತೆಂಗಿಗೆ ನುಸಿ ಹತ್ತಿದ ವರ್ಷ, ಮನೆಯ ಹಿರಿಯರನ್ನು ಮಣ್ಣು ಮಾಡಿ ಬಂದ ಸಂಜೆ, ‘ಯಾಕಾದ್ರೂ ಹುಟ್ಟಿದ್ವೋ’ ಎಂಬ ಮಾತು ಜಗಲಿಯ ಮೇಲೆ ಕೇಳುತ್ತದೆ. ಕಷ್ಟದಲ್ಲಿ ಮಾತ್ರ ಕೇಳುವ ಮಾತೂ ಅಲ್ಲ ಇದು. ಮಕ್ಕಳು ಓದಿ ಬೆಂಗಳೂರು ಸೇರಿ, ಸಾಲ ತೀರಿ, ಮನೆ ಕಟ್ಟಿ ಮುಗಿದ ಮೇಲೆ ‘ಎಲ್ಲಾ ಆಯ್ತು, ಮುಂದೇನು?’ ಎಂದು ಕುಳಿತವರನ್ನೂ ಇದು ಬಿಡುವುದಿಲ್ಲ.

ಸ್ವಾಮಿಗಳ ಪೂರ್ವಾಶ್ರಮದ ಹೆಸರು ಯಲ್ಲಂಬಳಸೆ ಸುಬ್ರಹ್ಮಣ್ಯ ಶರ್ಮ. ಜನ ಕರೆದದ್ದು ಸುಬ್ಬರಾಯರು ಎಂದು. ಹುಟ್ಟಿದ್ದು 1880ರಲ್ಲಿ. ವೃತ್ತಿಯಿಂದ ಶಾಲಾ ಮೇಷ್ಟರು, ಸಂಸಾರಸ್ಥರು. 1920ರಲ್ಲಿ ಬೆಂಗಳೂರಿನಲ್ಲಿ ಕಾರ್ಯಾಲಯ ಶುರು ಮಾಡಿದರು, 1937ರಲ್ಲಿ ಅದನ್ನು ಹೊಳೆನರಸೀಪುರಕ್ಕೆ ತಂದರು. ಆಗ ಅವರಿಗೆ 57 ವರ್ಷ. ಬಹುಪಾಲು ಜನ ಪೆನ್ಷನ್ ಲೆಕ್ಕ ಹಾಕುವ ವಯಸ್ಸು ಅದು. ಅವರು ಸಂನ್ಯಾಸ ತೆಗೆದುಕೊಂಡದ್ದು ಇನ್ನೂ ತಡವಾಗಿ, 1948ರಲ್ಲಿ, 68ನೇ ವರ್ಷದಲ್ಲಿ. ಅಂದರೆ ಅವರ ಚಿಂತನೆಯ ಬಹುಭಾಗ ಗೃಹಸ್ಥನೊಬ್ಬ ಕೆಲಸಕ್ಕೆ ಹೋಗಿ ಬರುತ್ತಾ, ಮನೆಯ ಭಾರ ಹೊರುತ್ತಾ ನಡೆಸಿದ್ದು. ಅವರ ಪುಸ್ತಕಗಳನ್ನು ತೆರೆಯುವಾಗ ಈ ವಿಷಯ ನೆನಪಿನಲ್ಲಿರಬೇಕು.

ಅವರು ಹಿಡಿದ ದಾರಿಯ ವಿಶೇಷವೆಂದರೆ, ಅದು ‘ಏನು ಮಾಡಬೇಕು’ ಎಂಬಲ್ಲಿಂದ ಶುರುವಾಗುವುದಿಲ್ಲ. ಬದುಕಿಗೆ ಗುರಿ ಯಾವುದು ಎಂದು ಕೇಳುವ ಮೊದಲು, ಬದುಕುತ್ತಿರುವ ‘ನಾನು’ ಯಾರು ಎಂಬುದು ಗೊತ್ತಿದೆಯೇ ಎಂದು ಅದು ಕೇಳುತ್ತದೆ. ಇದಕ್ಕೆ ಅವರು ಎತ್ತಿಕೊಂಡ ಸಾಧನ ಅವಸ್ಥಾತ್ರಯ ವಿಚಾರ: ಎಚ್ಚರ, ಕನಸು, ಗಾಢನಿದ್ರೆ ಎಂಬ ಮೂರು ಸ್ಥಿತಿಗಳನ್ನೂ ಒಟ್ಟಿಗಿಟ್ಟು ನೋಡುವುದು. ಹನ್ನೆರಡೇ ಮಂತ್ರಗಳ ಮಾಂಡೂಕ್ಯೋಪನಿಷತ್ತು ಹೇಳುವುದು ಇದನ್ನೇ. ಸುಬ್ಬರಾಯರ ಕಾಲದಲ್ಲಿ ಈ ವಿಚಾರಕ್ಕೆ ಹೊಸ ಜೀವ ಕೊಟ್ಟವರು ಕೆ.ಎ. ಕೃಷ್ಣಸ್ವಾಮಿ ಅಯ್ಯರ್. ಅವರು 1930ರಲ್ಲಿ ಇಂಗ್ಲಿಷಿನಲ್ಲಿ ಬರೆದ ವೇದಾಂತ ಗ್ರಂಥಕ್ಕೆ ಎಸ್. ರಾಧಾಕೃಷ್ಣನ್ ಮುನ್ನುಡಿ ಬರೆದಿದ್ದಾರೆ. ಸುಬ್ಬರಾಯರ ಮೇಲೆ ಅಯ್ಯರ್ ಅವರ ಪ್ರಭಾವ ದೊಡ್ಡದು.

ವಿಚಾರ ಹೀಗೆ ಸಾಗುತ್ತದೆ. ನಾವು ಬದುಕಿನ ಲೆಕ್ಕ ಹಾಕುವುದು ಎಚ್ಚರದ ಹೊತ್ತನ್ನು ಮಾತ್ರ ಹಿಡಿದುಕೊಂಡು. ನನ್ನ ಜಮೀನು, ನನ್ನ ಹುದ್ದೆ, ನನ್ನ ಅವಮಾನ, ನನ್ನ ಮಕ್ಕಳು ಎಲ್ಲವೂ ಈ ಹೊತ್ತಿನವು. ರಾತ್ರಿ ಕನಸಿನಲ್ಲಿ ಇವು ಇರುವುದಿಲ್ಲ. ಬೇರೆ ಊರು, ಬೇರೆ ನೆಂಟರು, ಬೇರೆ ಭಯ ಬರುತ್ತವೆ. ಆ ಹೊತ್ತಿಗೆ ಅವೂ ನಿಜವೇ. ಗಾಢನಿದ್ರೆಯಲ್ಲಂತೂ ಯಾವುದೂ ಇಲ್ಲ. ಹೆಸರಿಲ್ಲ, ಜಾತಿಯಿಲ್ಲ, ಬ್ಯಾಂಕಿನ ಸಾಲವಿಲ್ಲ, ಸಾಧಿಸಬೇಕಾದ ಗುರಿಯೂ ಇಲ್ಲ. ಆದರೂ ಎದ್ದವರು ‘ಎಲ್ಲಾ ಕಳೆದುಕೊಂಡೆ’ ಎಂದು ಅಳುವುದಿಲ್ಲ. ‘ಸುಖವಾಗಿ ನಿದ್ದೆ ಬಂತು’ ಎನ್ನುತ್ತಾರೆ. ಯಾವ ವಸ್ತುವೂ, ಯಾವ ಗೆಲುವೂ ಇಲ್ಲದ ಕಡೆ ಆ ಸುಖ ಎಲ್ಲಿಂದ ಬಂತು? ಮೂರೂ ಸ್ಥಿತಿಗಳು ಬಂದುಹೋಗುವಾಗ ಹೋಗದೆ ಉಳಿದದ್ದು ಯಾವುದು? ವೇದಾಂತ ಆತ್ಮವೆಂದು ಕರೆಯುವುದು ಅದನ್ನು. ಆತ್ಮ ಮುಂದೆಂದೋ ಸಂಪಾದಿಸಬೇಕಾದ ಗುರಿಯಲ್ಲ, ಈಗಲೇ ಇರುವ ನಿಜ ಎಂಬುದು ಈ ವಿಚಾರದ ಮುಖ್ಯ ಮಾತು.

ಇದನ್ನು ಒಪ್ಪಲು ಪರಲೋಕವನ್ನು ನಂಬಬೇಕಾಗಿಲ್ಲ, ಯಾರ ಪವಾಡವನ್ನೂ ನೋಡಬೇಕಾಗಿಲ್ಲ. ಪರೀಕ್ಷೆಗೆ ಬೇಕಾದ ಮೂರೂ ಸ್ಥಿತಿಗಳು ಓದು ಬಾರದವರಿಗೂ ದಿನವೂ ಸಿಗುತ್ತವೆ. ಶಾಸ್ತ್ರ ಹೇಳಿದ್ದನ್ನು ನಿನ್ನ ಅನುಭವಕ್ಕೆ ತಾಳೆ ಹಾಕಿ ನೋಡು ಎಂದದ್ದೇ ಸ್ವಾಮಿಗಳ ಬರಹದ ದೊಡ್ಡ ಗುಣ.

ಛಾಂದೋಗ್ಯ ಉಪನಿಷತ್ತಿನಲ್ಲಿ ಇದೇ ಹಾದಿಯ ಕಥೆಯೊಂದಿದೆ. ಆತ್ಮವನ್ನು ತಿಳಿಯಲು ದೇವತೆಗಳ ಕಡೆಯಿಂದ ಇಂದ್ರ, ಅಸುರರ ಕಡೆಯಿಂದ ವಿರೋಚನ, ಇಬ್ಬರೂ ಪ್ರಜಾಪತಿಯ ಬಳಿ ಬಂದು 32 ವರ್ಷ ಕಾಯುತ್ತಾರೆ. ನೀರಿನಲ್ಲಿ ಕಂಡ ಸ್ವಂತ ರೂಪವನ್ನೇ ಆತ್ಮವೆಂದುಕೊಂಡು ವಿರೋಚನ ತೃಪ್ತನಾಗಿ ಹೊರಟುಹೋಗುತ್ತಾನೆ. ಇಂದ್ರನಿಗೆ ದಾರಿಯಲ್ಲೇ ಅನುಮಾನ: ದೇಹ ಕುರುಡಾದರೆ ಆತ್ಮವೂ ಕುರುಡೇ? ಹಿಂತಿರುಗುತ್ತಾನೆ. ಆಮೇಲೆ ಕನಸಿನ ಪಾಠ, ನಿದ್ರೆಯ ಪಾಠ. ನಿದ್ರೆಯ ಪಾಠ ಕೇಳಿದ ಮೇಲೂ, ಅಲ್ಲಿ ಏನೂ ತಿಳಿಯುವುದಿಲ್ಲವಲ್ಲ, ಇದರಿಂದ ಏನು ಬಂತು ಎಂದು ಮತ್ತೆ ಬರುತ್ತಾನೆ. ಹೀಗೆ ಒಟ್ಟು 101 ವರ್ಷ. ದೇವರಾಜನೇ ನಾಲ್ಕು ಸಲ ವಿದ್ಯಾರ್ಥಿಯಾಗಬೇಕಾಯಿತು ಎಂದು ಹೇಳುವ ಪರಂಪರೆ, ಈ ಪ್ರಶ್ನೆಗೆ ಒಂದೇ ಸಾಲಿನ ಉತ್ತರ ಹುಡುಕುವವರಿಗೆ ಸೌಮ್ಯವಾಗಿ ಎಚ್ಚರಿಕೆ ಕೊಡುತ್ತದೆ.

ಸುಬ್ಬರಾಯರು ವಿದ್ವಾಂಸರ ವಿರೋಧವನ್ನೂ ಕಟ್ಟಿಕೊಂಡರು. 1929ರಲ್ಲಿ ಪ್ರಕಟವಾದ ಅವರ ‘ಮೂಲಾವಿದ್ಯಾನಿರಾಸ’ ಸಂಸ್ಕೃತ ಪಂಡಿತರ ನಡುವೆ ದೊಡ್ಡ ವಾದ ಎಬ್ಬಿಸಿತು. ವಾದದ ತಿರುಳು ಸಾಮಾನ್ಯರಿಗೂ ಸಂಬಂಧಪಟ್ಟದ್ದೇ. ಶಂಕರಾಚಾರ್ಯರ ನಂತರ ಬಂದ ಹಲವು ವ್ಯಾಖ್ಯಾನಕಾರರು ಅವಿದ್ಯೆಯನ್ನು, ಅಂದರೆ ಅಜ್ಞಾನವನ್ನು, ಗಾಢನಿದ್ರೆಯಲ್ಲೂ ಬೀಜರೂಪದಲ್ಲಿ ಉಳಿಯುವ ಒಂದು ವಸ್ತುವಿನಂತೆ ವಿವರಿಸಿದ್ದರು. ಶಂಕರರು ಹೇಳಿದ್ದು ಅದನ್ನಲ್ಲ ಎಂದರು ಸುಬ್ಬರಾಯರು. ಬ್ರಹ್ಮಸೂತ್ರ ಭಾಷ್ಯದ ಆರಂಭದಲ್ಲೇ ಶಂಕರರು ಅವಿದ್ಯೆ ಎಂದರೆ ಅಧ್ಯಾಸ, ಒಂದನ್ನು ಇನ್ನೊಂದೆಂದು ತಿಳಿಯುವ ತಪ್ಪು ಎಂದಿದ್ದಾರೆ ಎಂಬುದು ಅವರ ಆಧಾರ. ಮಬ್ಬಿನಲ್ಲಿ ಹಗ್ಗವನ್ನು ಹಾವೆಂದು ತಿಳಿದವನಿಗೆ ಬೇಕಾದದ್ದು ದೀಪ. ಹಾವನ್ನು ಹೊಡೆಯಲು ದೊಣ್ಣೆಯಲ್ಲ. ಅವಿದ್ಯೆ ಒಂದು ವಸ್ತುವಾದರೆ ಅದನ್ನು ಸುಡಲು ಅಸಾಧಾರಣವಾದದ್ದೇನೋ ಬೇಕಾಗುತ್ತದೆ. ತಪ್ಪು ತಿಳಿವಳಿಕೆಯಾದರೆ ಸರಿಯಾದ ತಿಳಿವಳಿಕೆ ಸಾಕು. 1964ರಲ್ಲಿ ಅವರು ಸಂಸ್ಕೃತದಲ್ಲಿ ಬರೆದ ‘ವೇದಾಂತ ಪ್ರಕ್ರಿಯಾ ಪ್ರತ್ಯಭಿಜ್ಞಾ’ 1989ರಲ್ಲಿ ಎ.ಜೆ. ಆಲ್ಸ್ಟನ್ ಅವರ ಇಂಗ್ಲಿಷ್ ಅನುವಾದದಲ್ಲಿ ಹೊರದೇಶದ ಓದುಗರನ್ನು ತಲುಪಿತು. ಕನ್ನಡಿಗರಿಗೆ ಅದಕ್ಕಿಂತ ದೊಡ್ಡ ಉಪಕಾರ ಉಪನಿಷತ್ತು, ಗೀತೆ, ಬ್ರಹ್ಮಸೂತ್ರಗಳ ಶಾಂಕರಭಾಷ್ಯಗಳನ್ನು ಅವರು ಕನ್ನಡಕ್ಕೆ ತಂದದ್ದು. ಅವರು 1975ರಲ್ಲಿ, 95ನೇ ವಯಸ್ಸಿನಲ್ಲಿ ತೀರಿಕೊಂಡರು. ಮಂಕುತಿಮ್ಮನ ಬಾಯಲ್ಲಿ ಜೀವನದ ಅರ್ಥವನ್ನು ಕೇಳಿಸಿದ ಡಿ.ವಿ.ಜಿ. ಹೋದದ್ದೂ ಅದೇ ವರ್ಷ.

ಪಕ್ಕದ ಚನ್ನರಾಯಪಟ್ಟಣ ತಾಲ್ಲೂಕಿನ ಜೈನ ಕ್ಷೇತ್ರ ಶ್ರವಣಬೆಳಗೊಳ ಇದೇ ಪ್ರಶ್ನೆಗೆ ಬೇರೆ ಉತ್ತರ ಕೊಡುತ್ತದೆ, ಅದೂ ಬಹಳ ಹಿಂದೆಯೇ. 1973ರಲ್ಲಿ ಪರಿಷ್ಕರಿಸಿದ ಶಾಸನ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕದ ಎರಡನೇ ಸಂಪುಟದಲ್ಲಿ ಬೆಳಗೊಳ ಮತ್ತು ಸುತ್ತಲಿನ 573 ಶಾಸನಗಳಿವೆ. ಅಲ್ಲಿನ ಚಿಕ್ಕಬೆಟ್ಟದ ಹಳೆಯ ಶಾಸನಗಳಲ್ಲಿ ಬಹಳಷ್ಟು ಸಲ್ಲೇಖನ, ಅಂದರೆ ಆಹಾರ ತೊರೆದು ಸಾವನ್ನು ಎದುರುಗೊಳ್ಳುವ ವ್ರತ, ಹಿಡಿದು ದೇಹ ಬಿಟ್ಟ ಮುನಿಗಳ, ಸಾಧ್ವಿಯರ ನೆನಪಿನವು. ಅವುಗಳಲ್ಲಿ ನಂದಿಸೇನ ಮುನಿಯದು ಸುಮಾರು 1300 ವರ್ಷ ಹಳೆಯ ಕನ್ನಡ ಪದ್ಯ. ರೂಪ, ಸಂಪತ್ತು, ವೈಭವಗಳೆಲ್ಲ ಕಾಮನಬಿಲ್ಲು, ಮಿಂಚು, ಮಂಜುಗಳ ಹಾಗೆ ಕಂಡು ಮರೆಯಾಗುವುದನ್ನು ಅರಿತು ಅವರು ಸಂನ್ಯಸನ (ಸಲ್ಲೇಖನ) ಕೈಗೊಂಡರು ಎಂಬುದು ಅದರ ಭಾವ. ಬದುಕಿನ ಅರ್ಥವನ್ನು ಕುರಿತು ಕನ್ನಡ ಬಹಳ ಹಿಂದೆಯೇ ಆಡಿದ ಮಾತುಗಳಲ್ಲಿ ಒಂದು ಬಂಡೆಯ ಮೇಲೆ, ಬಿಸಿಲು ಮಳೆಗೆ ಒಡ್ಡಿಕೊಂಡು ಉಳಿದಿದೆ!

ಎದುರಿನ ದೊಡ್ಡಬೆಟ್ಟದಲ್ಲಿ ಚಾವುಂಡರಾಯ ಹತ್ತನೇ ಶತಮಾನದ ಕೊನೆಗೆ ನಿಲ್ಲಿಸಿದ ಗೊಮ್ಮಟನ, ಅಂದರೆ ಬಾಹುಬಲಿಯ, ಕಥೆಯೂ ಇಲ್ಲಿಗೆ ಸಲ್ಲುತ್ತದೆ. ಬಾಹುಬಲಿ ಸೋತು ಕಾಡಿಗೆ ಹೋದವನಲ್ಲ. ಅಣ್ಣ ಭರತನನ್ನು ಗೆದ್ದ ಮೇಲೆ, ಗೆದ್ದದ್ದರಲ್ಲಿ ಹುರುಳಿಲ್ಲವೆಂದು ಕಂಡು ಬಿಟ್ಟವನು. ಆ ಮುನಿಗಳು ಹಿಡಿದ ಸಲ್ಲೇಖನ ಇಂದಿಗೂ ಚರ್ಚೆಯ ವಿಷಯ. 2015ರ ಆಗಸ್ಟ್‌ನಲ್ಲಿ ರಾಜಸ್ಥಾನ ಹೈಕೋರ್ಟ್ ಅದು ಕಾನೂನಿಗೆ ವಿರುದ್ಧ ಎಂದಿತು. ಅದೇ ತಿಂಗಳ ಕೊನೆಗೆ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು. ಜೈನ ಶಾಸ್ತ್ರ ಇದನ್ನು ಮುಪ್ಪು, ಗುಣವಾಗದ ರೋಗ, ಬರಗಾಲದಂಥ ಪರಿಹಾರವಿಲ್ಲದ ಸಂದರ್ಭಕ್ಕೆ ಮಾತ್ರ ಹೇಳಿದೆ, ಬೇಸರಕ್ಕೆ ಅಲ್ಲ.

ಇದೇ ಹಾಸನ ಜಿಲ್ಲೆಯ ಕಟ್ಟಾಯದ ಕಡೆಯ ಜನಕ್ಕೆ ಈ ಪ್ರಶ್ನೆ ಗ್ರಂಥದಿಂದಲೇ ಬರಬೇಕಾಗಿರಲಿಲ್ಲ. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಎದ್ದು, ಹಿನ್ನೀರಿನಲ್ಲಿ ಊರುಗಳು ಮುಳುಗಿದವು. ಶೆಟ್ಟಿಹಳ್ಳಿಯ ಇಗರ್ಜಿಯ ಗೋಡೆಗಳು ಹಿನ್ನೀರು ಏರಿದಾಗ ಇಂದಿಗೂ ನೀರಿನ ನಡುವೆ ನಿಂತಿರುತ್ತವೆ. ಹೊಲ, ಕಣ, ಊರದೇವರ ಗುಡಿ, ಹಿರಿಯರ ಸಮಾಧಿ, ಇಷ್ಟರ ಸುತ್ತ ಬದುಕಿನ ಅರ್ಥ ಕಟ್ಟಿಕೊಂಡವರು ಬೇರೆ ಕಡೆ ಹೋಗಿ ಮತ್ತೆ ಮೊದಲಿನಿಂದ ಕಟ್ಟಿಕೊಳ್ಳಬೇಕಾಯಿತು. ಅದೇ ಗೊರೂರಿನಲ್ಲಿ ಹುಟ್ಟಿದ ರಾಮಸ್ವಾಮಿ ಅಯ್ಯಂಗಾರ್ (1904–1991) ತಮ್ಮ ಉತ್ತರವನ್ನು ಗಾಂಧಿಯ ದಾರಿಯಲ್ಲಿ, ಹಳ್ಳಿಯ ಕೆಲಸದಲ್ಲಿ ಕಂಡುಕೊಂಡರು. ಸುತ್ತಲಿನ ಜನರ ಬಗ್ಗೆ ಅವರಿಗಿದ್ದ ಪ್ರೀತಿ ‘ಹಳ್ಳಿಯ ಚಿತ್ರಗಳು’ ಪುಸ್ತಕದ ಪುಟಪುಟದಲ್ಲೂ ಕಾಣುತ್ತದೆ.

ದೂರದ ವಿಯೆನ್ನಾದ ಮನೋವೈದ್ಯ ವಿಕ್ಟರ್ ಫ್ರಾಂಕಲ್ ಕೂಡ ಕೆಲಸದಲ್ಲಿ ಅರ್ಥ ಕಾಣುವ ಈ ಉತ್ತರಕ್ಕೆ ಹತ್ತಿರ ಬಂದವರು. ನಾಜಿಗಳ ಸೆರೆಶಿಬಿರಗಳಲ್ಲಿ ಬದುಕುಳಿದು ಬಂದು 1946ರಲ್ಲಿ ಬರೆದ ಪುಸ್ತಕದಲ್ಲಿ, ಬದುಕಿನಿಂದ ನಮಗೇನು ಸಿಗುತ್ತದೆ ಎಂದು ಕೇಳುವ ಬದಲು, ಬದುಕು ನಮ್ಮಿಂದ ಏನು ಕೇಳುತ್ತಿದೆ ಎಂದು ನೋಡಬೇಕು ಎಂದರು. ಕಾಯುತ್ತಿರುವ ಒಬ್ಬ ಮನುಷ್ಯ, ಮುಗಿಸಬೇಕಾದ ಒಂದು ಕೆಲಸ ಇರುವವರು ನರಕವನ್ನೂ ತಾಳಿಕೊಳ್ಳಬಲ್ಲರು ಎಂಬುದನ್ನು ಅವರು ಅಲ್ಲಿ ಕಂಡಿದ್ದರು. ಗೊರೂರರು ಇದನ್ನು ಒಪ್ಪುತ್ತಿದ್ದರೇನೋ. ಹೊಳೆನರಸೀಪುರದ ಸ್ವಾಮಿಗಳು ಬಹುಶಃ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಆ ಕೆಲಸವೂ ಮುಗಿದ ದಿನ ನೀನು ಯಾರು ಎಂದು ಕೇಳುತ್ತಿದ್ದರು. ಎರಡೂ ಬೇಕು. ದುಡಿಯುವ ವಯಸ್ಸಿಗೆ ಮೊದಲನೆಯದು ಆಸರೆ. ಕೈಕಾಲು ಸೋತು, ಮಾಡಲು ಏನೂ ಉಳಿಯದ ದಿನಕ್ಕೆ ಎರಡನೆಯದು.

ಇಲ್ಲಿ ಒಂದು ವಿಷಯವನ್ನು ಬಿಡಿಸಿ ಹೇಳಲೇಬೇಕು. ‘ಯಾಕೆ ಬದುಕಬೇಕು’ ಎಂಬ ಮಾತು ವಿಚಾರದಿಂದ ಬರುವುದು ಬೇರೆ, ನಿದ್ದೆಗೆಟ್ಟು, ಊಟ ಸೇರದೆ, ವಾರಗಟ್ಟಲೆ ಮನಸ್ಸು ಕುಸಿದು ಬರುವುದು ಬೇರೆ. ಎರಡನೆಯದಕ್ಕೆ ವೇದಾಂತ ಹೇಳಿ ಕೂರಿಸಬಾರದು. ಅವರಿಗೆ ಬೇಕಾದದ್ದು ಜೊತೆಗೊಬ್ಬರು ಮತ್ತು ವೈದ್ಯರು. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಮನೆಯಲ್ಲಿ ಯಾರಾದರೂ ಹಾಗೆ ಮಾತಾಡುತ್ತಿದ್ದರೆ ಬೈಯದೆ, ಪಕ್ಕದಲ್ಲಿ ಕೂತು ಆ ನಂಬರಿಗೆ ಫೋನ್ ಮಾಡಿಕೊಡಿ.

ವಿಚಾರವಾಗಿ ಈ ಪ್ರಶ್ನೆ ಎದ್ದವರು ಮಾಂಡೂಕ್ಯದ ಹನ್ನೆರಡು ಮಂತ್ರಗಳಿಂದ ಶುರು ಮಾಡಲಿ. ಅರ್ಥ ಹೇಳುವ ಕನ್ನಡ ಪುಸ್ತಕಗಳು ಹೊಳೆನರಸೀಪುರದ ಕಾರ್ಯಾಲಯದಿಂದಲೇ ಬಂದಿವೆ. ಹಾಸನ ಜಿಲ್ಲೆಯ ಗ್ರಂಥಾಲಯಗಳೂ ಕಾಲೇಜುಗಳೂ ಅವನ್ನು ತರಿಸಿ, ಹುಡುಗರ ಕೈಗೆ ಸಿಗುವಂತೆ ಇಡಬೇಕು.