ಗುಳ್ಳೆ ಎಬ್ಬಿಸುವ ಕಿಣ್ವಗಳು

ಮೊದಲು ವಿಪರೀತ ತುರಿಕೆ. ವಾರಗಳೋ ತಿಂಗಳುಗಳೋ ಕಳೆದ ಮೇಲೆ ತೊಡೆ, ಹೊಟ್ಟೆ, ತೋಳುಗಳ ಮೇಲೆ ಬಿಗಿಯಾದ, ಸುಲಭಕ್ಕೆ ಒಡೆಯದ ನೀರುಗುಳ್ಳೆಗಳು. ಹೆಚ್ಚಾಗಿ ವಯಸ್ಸಾದವರನ್ನು ಕಾಡುವ ಈ ಕಾಯಿಲೆಯ ಹೆಸರು ಬುಲಸ್ ಪೆಂಫಿಗಾಯ್ಡ್. ಇದು ಪೆಂಫಿಗಸ್‌ ಅಲ್ಲ, ಬೇರೆಯೇ ರೋಗ ಎಂದು 1953ರಲ್ಲಿ ವಿಂಗಡಿಸಿ ತೋರಿಸಿದವರು ಅಮೆರಿಕದ ವಾಲ್ಟರ್ ಲೀವರ್. ಪೆಂಫಿಗಸ್‌ನಲ್ಲಿ ಚರ್ಮದ ಮೇಲ್ಪದರದ ಜೀವಕೋಶಗಳೇ ಒಂದರಿಂದೊಂದು ಬಿಟ್ಟುಕೊಳ್ಳುತ್ತವೆ. ಇಲ್ಲಿ ಮೇಲ್ಪದರ ಇಡಿಯಾಗಿ ಬುಡದಿಂದ ಎದ್ದುಬರುತ್ತದೆ.

ಎರಡೂ ರೋಗಗಳಲ್ಲಿ ಸ್ವಂತ ಚರ್ಮದ ಮೇಲೇ ತಿರುಗಿಬಿದ್ದ ಪ್ರತಿಕಾಯಗಳಿರುವುದನ್ನು 1960ರ ದಶಕದಲ್ಲಿ ಬ್ಯೂಟ್ನರ್ ಮತ್ತು ಜೋರ್ಡನ್ ಪತ್ತೆಹಚ್ಚಿದರು. ಆದರೆ ಪ್ರತಿಕಾಯ ಹೋಗಿ ಅಂಟಿಕೊಳ್ಳಬಲ್ಲದೇ ಹೊರತು ಕತ್ತರಿಸಲಾರದು. ಪೆಂಫಿಗಾಯ್ಡ್‌ನಲ್ಲಿ ಪದರಗಳನ್ನು ಬಿಡಿಸುತ್ತಿದ್ದುದು ಯಾವುದು?

ಇಲಿಯಲ್ಲಿ ಪರೀಕ್ಷಿಸೋಣವೆಂದರೆ, ಚರ್ಮದ ಪದರಗಳನ್ನು ಹಿಡಿದಿಡುವ ಬಿಪಿ180 ಎಂಬ ಪ್ರೊಟೀನ್ ಇಲಿಯಲ್ಲಿ ತುಸು ಬೇರೆ. ರೋಗಿಯ ಪ್ರತಿಕಾಯ ಅದಕ್ಕೆ ಅಂಟುವುದಿಲ್ಲ. ಜಿ ಲಿಯು, ಲೂಯಿಸ್ ಡಯಾಜ್ ತಂಡ ಇಲಿಯ ಪ್ರೊಟೀನನ್ನೇ ಮೊಲಕ್ಕೆ ಚುಚ್ಚಿ ಪ್ರತಿಕಾಯ ತಯಾರಿಸಿ, ಅದನ್ನು ಹಸುಗೂಸು ಇಲಿಮರಿಗಳಿಗೆ ಕೊಟ್ಟಿತು. 1993ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ ಮರಿಗಳ ಮೈಮೇಲೆ ಗುಳ್ಳೆ ಎದ್ದವು. ನ್ಯೂಟ್ರೊಫಿಲ್ ಎಂಬ ಬಿಳಿರಕ್ತಕಣಗಳನ್ನು ತೆಗೆದುಬಿಟ್ಟರೆ ಮಾತ್ರ ಏಳುವುದಿಲ್ಲ ಎಂದು ಮುಂದಿನ ಪ್ರಯೋಗಗಳಲ್ಲಿ ಕಂಡಿತು.

ಈ ಕಣಗಳು ಹೊತ್ತು ತರುವ ಕಿಣ್ವಗಳಲ್ಲಿ ಎರಡರ ಮೇಲೆ ಅನುಮಾನ ಬಿತ್ತು: ಜೆಲಟಿನೇಸ್ ಬಿ ಮತ್ತು ಇಲಾಸ್ಟೇಸ್. ಜೆಲಟಿನೇಸ್ ಇಲ್ಲದ ಇಲಿಗಳಲ್ಲಿ ಗುಳ್ಳೆ ಇಲ್ಲ. ಇಲಾಸ್ಟೇಸ್ ಇಲ್ಲದವುಗಳಲ್ಲೂ ಇಲ್ಲ! ಆಗ ಸಂಶೋಧಕರು ಮಾಡಿದ್ದು ಇಡೀ ಕಥೆಯಲ್ಲಿ ನನಗೆ ಅತ್ಯಂತ ಇಷ್ಟವಾದ ಕೆಲಸ. ಒಂದು ಬಗೆಯ ಇಲಿಯ ನ್ಯೂಟ್ರೊಫಿಲ್‌ಗಳನ್ನು ಇನ್ನೊಂದಕ್ಕೆ ಕೊಟ್ಟರು, ಗುಳ್ಳೆ ಎದ್ದವು. ಅಂದರೆ ಎರಡೂ ಕಿಣ್ವಗಳು ಬೇಕು. 2000ರಲ್ಲಿ ಗುಟ್ಟು ರಟ್ಟಾಯಿತು. ಬಿಪಿ180ಯನ್ನು ಕತ್ತರಿಸುವುದು ಇಲಾಸ್ಟೇಸ್ ಮಾತ್ರ. ಈ ಇಲಾಸ್ಟೇಸನ್ನು ಹದ್ದುಬಸ್ತಿನಲ್ಲಿಡಲು ರಕ್ತದಲ್ಲಿ ಆಲ್ಫಾ-1 ಆಂಟಿಟ್ರಿಪ್ಸಿನ್ ಎಂಬ ಪ್ರೊಟೀನ್ ಇರುತ್ತದೆ. ಜೆಲಟಿನೇಸ್ ಚರ್ಮದ ತಂಟೆಗೇ ಹೋಗುವುದಿಲ್ಲ. ಮನೆ ದೋಚುವ ಮೊದಲು ಕಾವಲುಗಾರನನ್ನು ಮುಗಿಸುವವನಂತೆ, ಆ ಆಂಟಿಟ್ರಿಪ್ಸಿನ್ನನ್ನು ಕೆಡಿಸುತ್ತದೆ.

ಇಲಿಯಲ್ಲಿ ಕಂಡದ್ದೆಲ್ಲ ಮನುಷ್ಯನಿಗೂ ಹಾಗೇ ಅನ್ವಯಿಸದು. ರೋಗಿಗಳ ಚರ್ಮದಲ್ಲಿ ಇಯೊಸಿನೊಫಿಲ್ ಎಂಬ ಇನ್ನೊಂದು ಬಗೆಯ ಬಿಳಿರಕ್ತಕಣಗಳ ಹಾವಳಿಯೂ ಉಂಟು. ಆದರೂ ಜೆಲಟಿನೇಸ್‌ನಂಥ ಕಿಣ್ವಗಳನ್ನು ತಡೆಯುವ ಗುಣ ಡಾಕ್ಸಿಸೈಕ್ಲಿನ್ ಎಂಬ ಹಳೆಯ, ಅಗ್ಗದ ಮಾತ್ರೆಗಿದೆ. 2017ರಲ್ಲಿ ಬ್ರಿಟನ್, ಜರ್ಮನಿಗಳ ಪ್ರಯೋಗವೊಂದು ಅದನ್ನು ಸ್ಟೀರಾಯ್ಡ್ ಜತೆ ಹೋಲಿಸಿತು. ಆರು ವಾರಗಳಲ್ಲಿ ಗುಳ್ಳೆ ಹತೋಟಿಗೆ ಬಂದದ್ದು ಸ್ಟೀರಾಯ್ಡ್ ಪಡೆದವರಲ್ಲಿ ಶೇ 91, ಡಾಕ್ಸಿಸೈಕ್ಲಿನ್ ಪಡೆದವರಲ್ಲಿ ಶೇ 74. ವರ್ಷದೊಳಗೆ ತೀವ್ರ ಅಡ್ಡಪರಿಣಾಮ ಕಂಡದ್ದು ಕ್ರಮವಾಗಿ ಶೇ 36 ಮತ್ತು ಶೇ 18. ಸಕ್ಕರೆ ಕಾಯಿಲೆಯಿರುವ ಎಂಬತ್ತರ ಅಜ್ಜಿಗೆ ಚಿಕಿತ್ಸೆ ಬರೆಯುವ ವೈದ್ಯರು ಎರಡನೆಯ ಲೆಕ್ಕವನ್ನೂ ನೋಡಲೇಬೇಕು.