ಹೆಜ್ಜಾರ್ಲೆ ನೋಡೋಕೆ ಬರ್ತೀರಿ, ಶಿಂಷೆ ನೀರು ನೋಡಿದ್ದೀರಾ?

ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ರುದ್ರಾಕ್ಷಿಪುರದ ಹತ್ತಿರ ಒಳಕ್ಕೆ ತಿರುಗಿ ಹತ್ತು ಹನ್ನೆರಡು ಕಿಲೋಮೀಟರ್ ಹೋದರೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು. ಇದು ಬೇಲಿ ಹಾಕಿದ ಪಕ್ಷಿಧಾಮ ಅಲ್ಲ. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಇಲ್ಲಿ ಗೂಡು ಕಟ್ಟೋದು ಜನರ ಮನೆಯ ಪಕ್ಕದ ಹುಣಸೆ ಮರಗಳಲ್ಲಿ. ಗೂಡಿದ್ದ ಮರದ ಹುಣಸೆ ಫಸಲು ಮಾಲೀಕನಿಗೆ ಸಿಗಲ್ಲ. ಅದಕ್ಕೆ ಅರಣ್ಯ ಇಲಾಖೆ ಕೊಡೋದು ಅಲ್ಪ ಪರಿಹಾರ. ಗೂಡಿನಿಂದ ಬಿದ್ದ ಮರಿಗಳನ್ನು ಸಾಕಿ ಬದುಕಿಸಿದ್ದು ಊರಿನವರೇ ಕಟ್ಟಿಕೊಂಡ ಹೆಜ್ಜಾರ್ಲೆ ಬಳಗ. ಸರ್ಕಾರ ಇದನ್ನು ಸಮುದಾಯ ಮೀಸಲು ಪ್ರದೇಶ ಅಂತ ಘೋಷಿಸಿದ್ದು 2007ರಲ್ಲಿ, ಅಂದ್ರೆ ಬಹಳ ತಡವಾಗಿ.

ಪರಿಸರ ಪ್ರವಾಸೋದ್ಯಮಕ್ಕೆ ಇದಕ್ಕಿಂತ ಒಳ್ಳೆ ಮಾದರಿ ಬೇಕಾ ಅಂತ ಕೇಳೋರಿದ್ದಾರೆ. ನಾನು ಅವರಿಗೆ 2017ರ ಕೊನೆಯಿಂದ 2018ರವರೆಗಿನ ತಿಂಗಳುಗಳನ್ನು ನೆನಪಿಸ್ತೀನಿ. ಆಗ ಇಲ್ಲಿ ಹೆಜ್ಜಾರ್ಲೆಗಳು ಒಂದೊಂದಾಗಿ ಸತ್ತು ಬೀಳತೊಡಗಿದವು, ಹತ್ತಾರು ಹಕ್ಕಿ. ಹೊಟ್ಟೆ ಬಗೆದು ನೋಡಿದಾಗ ಸಿಕ್ಕಿದ್ದು ದುಂಡುಹುಳು. ಅದರ ದಾರಿ ಹೀಗಿದೆ: ಹಕ್ಕಿಯ ಹಿಕ್ಕೆಯ ಜೊತೆ ಹುಳುವಿನ ಮೊಟ್ಟೆ ನೀರಿಗೆ ಸೇರುತ್ತೆ, ಮರಿಹುಳುವನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಜಲಜೀವಿಗಳು ನುಂಗುತ್ತವೆ, ಅವನ್ನು ಮೀನು, ಮೀನನ್ನು ಮತ್ತೆ ಹಕ್ಕಿ. ಈ ಹುಳು ಹೊಸದೇನಲ್ಲ. ಆದರೆ ಕೆರೆಯಲ್ಲಿ ನೀರು ತಗ್ಗಿ, ಕೊಳಚೆ ಸೇರಿ, ಉಳಿದ ಮೀನುಗಳೆಲ್ಲ ಒಂದೇ ಗುಂಡಿಯಲ್ಲಿ ಒತ್ತಿಕೊಂಡಾಗ ಹಕ್ಕಿಯ ಹೊಟ್ಟೆ ಸೇರೋ ಹುಳುವಿನ ಹೊರೆ ಏರುತ್ತೆ.

ಹಕ್ಕಿ ಮಲಗೋದು ಬೆಳ್ಳೂರಿನಲ್ಲಿ, ಉಣ್ಣೋದು ಸುತ್ತಲಿನ ಕೆರೆಗಳಲ್ಲಿ, ಶಿಂಷಾ ನದಿಯಲ್ಲಿ. ಪ್ರವಾಸಿಗರಿಗೆ ತೋರಿಸೋದು ಮಲಗೋ ಮರವನ್ನು ಮಾತ್ರ.

ಶಿಂಷೆಯ ಕತೆ ಗುಟ್ಟೇನಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ಕರ್ನಾಟಕದ 17 ನದಿಗಳ ಕಲುಷಿತ ಭಾಗಗಳನ್ನು ಪಟ್ಟಿ ಮಾಡಿತು. ಅದರಲ್ಲಿ ಶಿಂಷೆಯೂ ಇದೆ: ಯಡಿಯೂರಿನಿಂದ ಮಳವಳ್ಳಿ ತಾಲ್ಲೂಕಿನ ಹಲಗೂರಿನವರೆಗೆ. ಮದ್ದೂರು ಪಟ್ಟಣವೂ ಬೆಳ್ಳೂರೂ ಈ ಪಟ್ಟಿಯ ನಡುವೆಯೇ ಬರುತ್ತವೆ.

ಹಾಗಂತ ಪ್ರವಾಸಿಗರೇ ಬೇಡ ಅನ್ನೋ ಪೈಕಿ ನಾನಲ್ಲ. ಹೆಸರಿಲ್ಲದ ಊರಲ್ಲಿ ಹೆಜ್ಜಾರ್ಲೆ ಸತ್ತಿದ್ರೆ ಸುದ್ದಿಯೇ ಆಗ್ತಿರಲಿಲ್ಲ, ಮರಣೋತ್ತರ ಪರೀಕ್ಷೆಯಂತೂ ದೂರದ ಮಾತು. ಹೊರಗಿನ ಕಣ್ಣಿಗೆ ಬೆಲೆ ಇದೆ. ಆ ಕಣ್ಣು ಎಲ್ಲಿ ನೋಡುತ್ತೆ ಅನ್ನೋದು ನನ್ನ ತಕರಾರು.

ಅದಕ್ಕೆ ಮಳವಳ್ಳಿ ಕಡೆಯ ಭೀಮೇಶ್ವರಿಯನ್ನೇ ನೋಡಿ. ಕಾವೇರಿಯ ಆ ದಂಡೆಗಳಲ್ಲಿ ದಶಕಗಳ ಕಾಲ ಮಹಶೀರ್ ಮೀನನ್ನು ಗಾಳಕ್ಕೆ ಹಿಡಿದು ಮತ್ತೆ ನೀರಿಗೆ ಬಿಡುವ ಶಿಬಿರಗಳು ನಡೆದವು. ಸ್ಥಳೀಯರಿಗೆ ಕೆಲಸ ಸಿಕ್ತು, ಸಿಡಿಮದ್ದು ಹಾಕಿ ಮೀನು ಹೊಡೆಯೋರ ಮೇಲೆ ಕಾವಲೂ ಇತ್ತು. ಒಳ್ಳೆಯದೇ. ಆದರೆ ಮೀನು ಹೆಚ್ಚಲಿ ಅಂತ ಹೊರಗಿನ ಮೊಟ್ಟೆಕೇಂದ್ರದಲ್ಲಿ ಬೆಳೆಸಿದ ನೀಲಿ ರೆಕ್ಕೆಯ ಮಹಶೀರ್ ಮರಿಗಳನ್ನೂ ಇದೇ ನದಿಗೆ ಬಿಡಲಾಯಿತು. ಅವು ಹಬ್ಬಿದ ವೇಗದಲ್ಲೇ ಕಾವೇರಿಯದೇ ಆದ ಗೂನುಬೆನ್ನಿನ ಮಹಶೀರ್ ಕುಗ್ಗಿತು. 2018ರಲ್ಲಿ ಅದು ಐಯುಸಿಎನ್‌ನ ಅತಿ ಗಂಭೀರ ಅಪಾಯದ ಪಟ್ಟಿ ಸೇರಿತು. ತಮಾಷೆ ಅಂದ್ರೆ, ಈ ಕುಸಿತ ವಿಜ್ಞಾನಿಗಳಿಗೆ ಗೊತ್ತಾಗಿದ್ದು ಗಾಳ ಹಾಕೋರು ಬರೆದಿಟ್ಟ ಲೆಕ್ಕಪುಸ್ತಕದಿಂದಲೇ. ಹಾನಿಯೂ ಅಲ್ಲೇ, ಸಾಕ್ಷಿಯೂ ಅಲ್ಲೇ.

ಅಲ್ಲಿಂದ ಸ್ವಲ್ಪ ದೂರದ ಮುತ್ತತ್ತಿಯಲ್ಲಿ ಒಡೆದ ಬಾಟಲಿ, ಪ್ಲಾಸ್ಟಿಕ್ ತಟ್ಟೆ. ಆ ಬಗ್ಗೆ ಹೆಚ್ಚು ಬರೆಯೋದೇನಿದೆ, ವಾರಾಂತ್ಯ ಹೋದವರು ಕಂಡಿದ್ದೇ.

2023ರ ಮಾರ್ಚ್‌ನಲ್ಲಿ ದಶಪಥ ಹೆದ್ದಾರಿಯ ಉದ್ಘಾಟನೆ ಆಗಿದ್ದು ಇದೇ ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ. ಬೆಂಗಳೂರು ಈಗ ಇನ್ನೂ ಹತ್ತಿರ, ಕಾರುಗಳು ಇನ್ನೂ ಜಾಸ್ತಿ. ಬರೋರು ಬರಲಿ. ಆದರೆ ಆ ದುಡ್ಡಲ್ಲಿ ಮರದ ಮಾಲೀಕನಿಗೆ ಎಷ್ಟು, ಹೆದ್ದಾರಿ ಹೋಟೆಲಿಗೆ ಎಷ್ಟು ಅಂತ ಯಾರಾದ್ರೂ ಲೆಕ್ಕ ಕೊಡಬೇಕಲ್ವಾ? ಇನ್ನೊಂದು, ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ನದಿ ನೀರನ್ನು ಪರೀಕ್ಷಿಸಿ ಎ ಇಂದ ಇ ವರೆಗೆ ದರ್ಜೆ ಹಾಕುತ್ತೆ. ಶಿಂಷೆಯ ಆ ತಿಂಗಳ ದರ್ಜೆಯನ್ನು ಬೆಳ್ಳೂರಿನ ಊರಬಾಗಿಲಲ್ಲಿ, ಹಕ್ಕಿ ಚಿತ್ರದ ಪಕ್ಕದಲ್ಲೇ, ದೊಡ್ಡದಾಗಿ ಬರೆದು ಹಾಕಲಿ.